ಪಾಟಿಯ ಮೇಲಿನ ಕುಡುಗೋಲು

ಮೊನ್ನೆ ಬೆಳಿಗ್ಗೆ ಸೊಸೆ ಅಂಗಳದ ಶಹಾಬಾದಿ ಕಲ್ಲಿನ ಮೇಲೆ ನೀರು ಚೆಲ್ಲಿದಳು. ಹಿಂದಿನ ದಿನದ ಬಿಸಿಲನ್ನು ಇನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಕಲ್ಲು ಒಮ್ಮೆ ಉಸಿರು ಬಿಟ್ಟಿತು. ಆ ವಾಸನೆ ನಿಮಗೂ ಗೊತ್ತಿರಬೇಕು. ಸ್ಲೇಟನ್ನು, ನಮ್ಮ ಕಡೆ ಅದಕ್ಕೆ ಪಾಟಿ ಅನ್ನುತ್ತೇವೆ, ಒದ್ದೆ ಬಟ್ಟೆಯಿಂದ ಒರೆಸಿ ಮೂಗಿಗೆ ಹಿಡಿದರೆ ಬರುವುದೂ ಇದೇ ವಾಸನೆ. ನಾನು ಹಲ್ಲುಜ್ಜುವುದನ್ನು ಬಿಟ್ಟು ನಿಂತುಬಿಟ್ಟೆ.

"ಯಾಕ್ರಿ ಮಾವ, ತಲಿ ತಿರಗಾಕತ್ತದೇನ್ರಿ?" ಎಂದಳು ಸೊಸೆ.

ತಲೆಯಲ್ಲ, ತಿರುಗುತ್ತಿದ್ದದ್ದು ನಮ್ಮಪ್ಪನ ಗಾಣ.

ಆಳಂದದಿಂದ ಮಟಕಿಯ ಕಡೆ ಹೋಗುವ ಹಾದಿಯಲ್ಲಿ ಒಂದು ಸಣ್ಣ ಊರು ನಮ್ಮದು. ಆಗ ನಿಜಾಮರ ಕಾಲ. ಅಪ್ಪ ಕುಸುಬಿ ಎಣ್ಣೆ ತೆಗೆಯುತ್ತಿದ್ದ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಎತ್ತು ಸುತ್ತುತ್ತಲೇ ಇರುವುದು, ಗಾಣದ ಮರ ಕಿರ್ರೆಂದು ಒಂದೇ ರಾಗ ಎಳೆಯುವುದು, ಬಿಸಿ ಹಿಂಡಿಯ ವಾಸನೆ ಒಳಮನೆಯ ಕೌದಿಗಳಿಗೂ ಹತ್ತಿಕೊಳ್ಳುವುದು. ಆ ರಾಗಕ್ಕೆ ನಾನು ಎಷ್ಟೋ ಮಧ್ಯಾಹ್ನ ನಿದ್ದೆ ಹೋಗಿದ್ದೇನೆ. ಈಗಲೂ ಒಳ್ಳೆಯ ನಿದ್ದೆ ಬಂದ ದಿನ ಕನಸಿನ ಅಂಚಿನಲ್ಲಿ ಅದು ಕೇಳಿಸುತ್ತದೆ. ನನ್ನ ತಂಗಿ ಭಾಗಮ್ಮ ಮಾತ್ರ ನಿದ್ದೆ ಹೋಗುತ್ತಿರಲಿಲ್ಲ. ಭಾರಕ್ಕೆಂದು ಅವಳನ್ನು ಗಾಣದ ಅಡ್ಡಮರದ ಮೇಲೆ ಕೂರಿಸುತ್ತಿದ್ದರು. ಎತ್ತಿನ ಹಿಂದೆ ತೇಲಿದಂತೆ ಸುತ್ತು ಹಾಕುತ್ತ ಅವಳು ತುಟಿ ಅಲ್ಲಾಡಿಸುತ್ತಿದ್ದಳು. ಹಾಡುತ್ತಿದ್ದಾಳೆ ಎಂದು ಬಹಳ ದಿನ ತಿಳಿದಿದ್ದೆವು. ಅವಳು ಸುತ್ತು ಎಣಿಸುತ್ತಿದ್ದಳು.

"ಅಪ್ಪಾ, ನಿನ್ನಿಕಿಂತ ಇವತ್ತ ಸುತ್ತು ಕಡಿಮಿ ಆದೂವು. ಬೀಜ ಛಲೋ ಒಣಗ್ಯಾವ ನೋಡು" ಎನ್ನುವಳು. ಅಪ್ಪ ಎತ್ತಿನ ಬೆನ್ನು ತಟ್ಟಿ, "ಕೇಳಿದಿಲೇ? ನಿನ್ನ ಪಗಾರ ಕಡೀತಾಳಂತ ಈಕಿ" ಎಂದು ನಗುವನು.

ಶಾಲೆಗೆ ಹೋಗುತ್ತಿದ್ದವನು ನಾನು. ಚಾವಡಿಯ ಪಕ್ಕದ ಒಂದು ಕೋಣೆ, ಉರ್ದು ಓದು, ಹೈದರಾಬಾದಿನ ಕಡೆಯಿಂದ ಬಂದ ಮಾಸ್ತರ ಸಾಹೇಬರು. ನನ್ನ ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನೇ ಇಯತ್ತೆಯ ಚಾಪೆಗೂ ನನಗೂ ಎಂಥ ಸ್ನೇಹವಿತ್ತೆಂದರೆ ಒಬ್ಬರನ್ನೊಬ್ಬರು ಬಿಟ್ಟು ಹೋಗಲು ವರ್ಷಗಳೇ ಬೇಕಾದವು. ಈ ಕನ್ನಡ ಅಕ್ಷರಗಳನ್ನು ಕಲಿತದ್ದು ಮೀಸೆ ಬಂದ ಮೇಲೆ, ಜಿಡಗಾದ ಕಡೆಯ ಒಬ್ಬ ಅಜ್ಜನ ಹತ್ತಿರ. ಆದರೆ ಮನೆಯಲ್ಲಿ ನಾನು ಬೇರೆಯೇ ಕಥೆ ಹೇಳಿದ್ದೆ. ಕ್ಲಾಸಿಗೆ ನಾನೇ ಮೊದಲಿಗ, ಮಾಸ್ತರರು ಉಳಿದವರಿಗೆ ನನ್ನನ್ನು ನೋಡಿ ಕಲಿಯಲು ಹೇಳುತ್ತಾರೆ ಎಂದು. ತಪ್ಪು ಲೆಕ್ಕದ ಮೇಲೆ ಸಾಹೇಬರು ಉದ್ದ ಗೆರೆ ಎಳೆಯುತ್ತಿದ್ದರು. ನನ್ನ ಪಾಟಿ ಉತ್ತ ಹೊಲದ ಹಾಗೆ ಕಾಣುತ್ತಿತ್ತು. ಊರ ಹೊರಗಿನ ಹಳ್ಳದಲ್ಲಿ ಅದನ್ನು ತೊಳೆದು, ಒಣಗಿಸಿಯೇ ನಾನು ಮನೆಗೆ ಬರುತ್ತಿದ್ದೆ.

ಲೆಕ್ಕ ಸರಿಯಿದ್ದರೆ ಸಾಹೇಬರು ಬೇರೆ ಗುರುತು ಹಾಕುತ್ತಿದ್ದರು. ಅದು ಸ್ವಾದ್ ಎಂಬ ಉರ್ದು ಅಕ್ಷರ. ಒಂದು ಕುಣಿಕೆ, ಅದರ ಬಾಲಕ್ಕೆ ಕುಡುಗೋಲಿನ ಬಾಗು. ಪಕ್ಕದ ಹುಡುಗರ ಪಾಟಿಯ ಮೇಲೆ ಅದನ್ನು ಎಷ್ಟು ಆಸೆಯಿಂದ ನೋಡಿದ್ದೇನೆ! ಒಮ್ಮೆ ಬಳಪದಿಂದ ನಾನೇ ಬರೆದುಕೊಂಡು ನೋಡಿದ್ದೂ ಉಂಟು.

ಸಾಹೇಬರು ಎಣ್ಣೆಗೆ ನಮ್ಮ ಮನೆಗೇ ಬರುತ್ತಿದ್ದರು. ಒಂದು ದಿನ ಭಾಗಿಯ ತುಟಿ ಅಲ್ಲಾಡುವುದನ್ನು ನೋಡಿ ಏನೋ ಬಾಯಿಲೆಕ್ಕ ಕೇಳಿದರು. ಅವಳು ಅಡ್ಡಮರದಿಂದ ಇಳಿಯದೆ, ಸುತ್ತುತ್ತಲೇ ಉತ್ತರ ಹೇಳಿದಳು. ಎದುರಿಗೆ ಬಂದಾಗ ಒಂದು ಉತ್ತರ, ಒಂದು ಸುತ್ತು ಹೋಗಿ ಬಂದು ಇನ್ನೊಂದು. ಸಾಹೇಬರು ಎಣ್ಣೆ ಮರೆತರು.

"ಈ ಬೇಟೀಗಿ ಸಾಲಿಗಿ ಕಳಸ್ರಿ. ನನ್ನ ಮಗಳ ಬಾಜೂಕ ಕೂಡ್ತಾಳ" ಎಂದರು.

ಅಪ್ಪ ತಲೆ ಕೆರೆದುಕೊಂಡ. "ಹೆಣ್ಣಮಗಳ್ರಿ ಸಾಹೇಬ್ರ. ಮಂದಿ ನಗ್ತಾರ. ಆದ್ರ ಆಕೀಗಿ ಖರೇನ ಬರ್ತದಂತ ನೀವು ನೋಡಿ ಹೇಳ್ರಿ, ಆಮ್ಯಾಲ ಯಾರು ನಕ್ರೂ ಕಳಸ್ತೇನಿ."

ಮರುದಿನ ಸಾಹೇಬರು ನನ್ನ ಪಾಟಿಯ ಮೇಲೆಯೇ ಕೆಲವು ಲೆಕ್ಕ ಬರೆದು ಕೊಟ್ಟರು. ನಾನು ಮನೆಯಲ್ಲಿ ಅಂಕಿ ತಿದ್ದುವುದನ್ನು ನೋಡಿಯೇ ಉರ್ದು ಅಂಕಿ ಕಲಿತಿದ್ದ ಭಾಗಿ ಅವನ್ನು ಮಾಡಿದಳು. ಅದನ್ನು ಶಾಲೆಗೆ ಒಯ್ದವನೂ ನಾನು, ತಂದವನೂ ನಾನು. ಸಾಹೇಬರು ಪ್ರತಿ ಲೆಕ್ಕದ ಮುಂದೆ ನಿಧಾನವಾಗಿ, ಚಂದವಾಗಿ, ಸ್ವಾದ್ ಬರೆದರು. ಬರೆದು, "ಹುಷಾರ್, ಒರಸಬ್ಯಾಡ" ಎಂದರು.

ಹಳ್ಳದ ಹತ್ತಿರ ಬಹಳ ಹೊತ್ತು ಕುಳಿತಿದ್ದೆ. ಅವಳು ಶಾಲೆಗೆ ಬಂದರೆ ನನ್ನ ಉತ್ತ ಹೊಲ ನೋಡುತ್ತಾಳೆ, ಮನೆಯಲ್ಲಿ ಹೇಳುತ್ತಾಳೆ. ನಿಮಗೆ ನಗು ಬರಬಹುದು. ಆಗ ನನಗೆ ಅದಕ್ಕಿಂತ ದೊಡ್ಡ ಭಯ ಈ ಲೋಕದಲ್ಲಿ ಇರಲಿಲ್ಲ. ಆದರೂ ಪಾಟಿಯನ್ನು ನೀರಿಗೆ ಹಿಡಿಯುವ ಧೈರ್ಯವಾಗಲಿಲ್ಲ.

ದೀಪ ಹಚ್ಚುವ ಹೊತ್ತು. ಅವ್ವ ಪಾಟಿಯನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದಳು. "ಇದೇನಿದು, ಕುಡಗೋಲಿನಂಗ? ಕೊಯ್ದು ಹಾಕ್ಯಾರೇನು? ತಪ್ಪಂತೇನೋ ತಮ್ಮಾ?"

ನಾನಾಗಿ ಸುಳ್ಳು ಹುಡುಕಬೇಕಾಗಲಿಲ್ಲ. ಅವ್ವನೇ ಅದನ್ನು ನನ್ನ ಬಾಯ ಹತ್ತಿರ ತಂದಳು.

"ಹೂಂ" ಎಂದೆ.

ಅಪ್ಪ ನಂಬಲಿಲ್ಲ. ಹುಣಸೆಬೀಜದ ಡಬ್ಬಿ ತರಿಸಿ ನೆಲದ ಮೇಲೆ ಸುರಿದ. ಭಾಗಿ ಒಂದೊಂದು ಲೆಕ್ಕ ಓದಿ ಹೇಳಿದಳು. ಅಪ್ಪ ಬೀಜ ಗುಡ್ಡೆ ಮಾಡಿದ, ಅವ್ವ ಹಂಚಿದಳು, ಮತ್ತೆ ಕೂಡಿಸಿದರು. ಎಣ್ಣೆ ದೀಪದಲ್ಲಿ ಆ ಬೀಜಗಳು ಕರಿ ಮಣಿಗಳಂತೆ ಮಿನುಗುತ್ತಿದ್ದವು. ಗಾಣ ನಿಂತಿತ್ತು, ಎತ್ತು ಮೆಲುಕು ಹಾಕುತ್ತಿತ್ತು. ಆ ಚಿತ್ರವನ್ನು ಈಗ ನೆನೆದರೆ ನಾನೂ ಅಲ್ಲಿ ಒಳ್ಳೆಯ ಮಗನಾಗಿಯೇ ಕುಳಿತಿದ್ದೆನೇನೋ ಅನ್ನಿಸುತ್ತದೆ, ಅಷ್ಟು ಮೃದುವಾಗಿದೆ ಆ ಬೆಳಕು.

"ನಾವು ಎಣಿಸಿದ್ರ ಸರೀ ಬರ್ತದಲ್ಲೇ" ಎಂದ ಅಪ್ಪ. "ಇನ್ನೊಮ್ಮೆ ಹಂಚು ಬೇ." ಅವ್ವ ಹಂಚಿದಳು. ಮತ್ತೆ ಸರಿ ಬಂತು. "ಮತ್ತ ಮಾಸ್ತರಿಗೆ ಹ್ಯಾಂಗ ತಪ್ಪಾತು?"

"ಉತ್ತರ ಬಂದ್ರ ಸಾಲಂಗಿಲ್ಲಪ್ಪಾ. ಸಾಲ್ಯಾಗ ಮಾಡೂ ರೀತೀನ ಬ್ಯಾರೆ ಅದ. ಹುಣಸಿಬೀಜದ ಲೆಕ್ಕ ಅಲ್ಲಿ ನಡಿಯಂಗಿಲ್ಲ" ಎಂದೆ. ಮೊದಲಿಗನ ಗತ್ತಿನಲ್ಲೇ ಹೇಳಿದೆ.

ಅಪ್ಪ ರುಮಾಲು ಸುತ್ತಿಕೊಳ್ಳುತ್ತ ಎದ್ದ. "ಹಂಗಂದ್ರೇನಂತ ನಾನ ಹೋಗಿ ಕೇಳ್ತೇನಿ."

ಆಗ ಭಾಗಿ ಅಪ್ಪನ ಧೋತರದ ಚುಂಗು ಹಿಡಿದಳು. "ಬ್ಯಾಡಪ್ಪಾ. ನನ್ನ ಸಲುವಾಗಿ ನೀ ಯಾರ ಮುಂದೂ ಕೈ ಕಟ್ಟಿ ನಿಂದ್ರಬ್ಯಾಡ." ಪಾಟಿ ತೆಗೆದುಕೊಂಡು, ಸೆರಗಿನ ತುದಿ ಒದ್ದೆ ಮಾಡಿ, ಒಂದೊಂದಾಗಿ ಒರೆಸಿದಳು. "ತಗೋ ಅಣ್ಣಾ, ನಿನ್ನ ಪಾಟಿ" ಎಂದಳು.

ಸಾಹೇಬರು ಕೇಳಿದಾಗ, ಅಪ್ಪ ಒಲ್ಲೆನೆಂದ ಎಂದುಬಿಟ್ಟೆ. ಅವರು ನಿಟ್ಟುಸಿರಿಟ್ಟು ತಲೆಯಾಡಿಸಿದರು. ಹೆಣ್ಣುಮಗಳ ಅಪ್ಪಂದಿರು ಹೀಗೆಯೇ ಅನ್ನುತ್ತಾರೆಂದು ಅವರಿಗೆ ಮೊದಲೇ ಗೊತ್ತಿತ್ತು, ಶಾಲೆಯವರು ಬಡವರ ಲೆಕ್ಕ ಒಪ್ಪುವುದಿಲ್ಲವೆಂದು ಅಪ್ಪನಿಗೂ ಗೊತ್ತಿತ್ತು. ಅದಕ್ಕೇ ನನ್ನ ಎರಡೂ ಸುಳ್ಳುಗಳು ತಡೆಯಿಲ್ಲದೆ ನಡೆದವು. ಮುಂದೆ ಎಣ್ಣೆಗೆ ಬಂದ ದಿನ ಸಾಹೇಬರು ಮಳೆಯ ಮಾತಾಡಿದರು, ಅಪ್ಪ ಕುಸುಬಿಯ ಧಾರಣೆಯ ಮಾತಾಡಿದ. ಇಬ್ಬರೂ ಒಮ್ಮೆ ಭಾಗಿಯನ್ನು ನೋಡಿ ಬೇರೆಡೆ ನೋಡಿದರು. ಅಳತೆಯ ಪಾವು ಹಿಡಿದು ನಡುವೆ ನಿಂತಿದ್ದ ನಾನು ಎಣ್ಣೆ ಚೆಲ್ಲಿಬಿಟ್ಟೆ. ಇಬ್ಬರೂ ನನಗೆ ಬೈದರು. ಅಷ್ಟು ಹಗುರವೆನಿಸಿದ ಬೈಗುಳ ನನಗೆ ಮತ್ತೆಂದೂ ಸಿಕ್ಕಿಲ್ಲ. ಕೆಲವೇ ದಿನಗಳಲ್ಲಿ ಸಾಹೇಬರಿಗೆ ಜೇವರ್ಗಿಯ ಕಡೆ ಬದಲಿಯಾಯಿತು.

ಭಾಗಿಯನ್ನು ಅಫಜಲಪುರದ ಆಚೆ, ಸೊನ್ನದ ಹತ್ತಿರ ಕೊಟ್ಟರು. ಮಕ್ಕಳು, ಮೊಮ್ಮಕ್ಕಳು, ಭೀಮೆಯ ದಂಡೆಯ ಕಪ್ಪು ಹೊಲ. ಆದರೆ ಜೋಳ ಅಳೆದಾಗಲೆಲ್ಲ ಅವಳು ಯಾರನ್ನಾದರೂ ಕೂಗುವಳು: "ನೀ ಒಮ್ಮಿ ಅಳಿ ಬೇ, ನಂದು ತಪ್ಪಿರ್ತದ." ತಪ್ಪಿದ್ದನ್ನು ನಾನಂತೂ ನೋಡಿಲ್ಲ.

ಮೊನ್ನೆ ನಾನು ಚಹಾ ಕುಡಿಯದೆ ಬಸ್ಸು ಹತ್ತಿದೆ. ಅವಳು ಪಡಸಾಲೆಯಲ್ಲಿ ಸಾಣಿಗೆ ಹಿಡಿದು ಹಿಟ್ಟು ಜರಡಿಯಾಡುತ್ತಿದ್ದಳು. ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಹೇಳಲು ಎಷ್ಟು ಹೊತ್ತು ಬೇಕಾದೀತೆಂದು ಜೀವಮಾನವಿಡೀ ಹೆದರಿದ್ದೆನೋ, ಅದು ಒಂದು ಸಾಣಿಗೆ ಹಿಟ್ಟು ಇಳಿಯುವಷ್ಟರಲ್ಲಿ ಮುಗಿದುಹೋಯಿತು.

ಅವಳು ಮೊರದಲ್ಲಿದ್ದ ಹಿಟ್ಟಿನಲ್ಲಿ ಬೆರಳಿಂದ ಒಂದು ಕುಣಿಕೆ, ಒಂದು ಬಾಗು ಎಳೆದಳು. "ಹಿಂಗಿತ್ತಲ್ಲಾ?"

"ಹೂಂ. ಸರಿ ಅಂತ ಅದರರ್ಥ."

"ಎಲ್ಲಾವೂ?"

"ಎಲ್ಲಾವೂ, ಭಾಗೀ."

ಬೈಯುತ್ತಾಳೆಂದು ಕಾದೆ. ಅಳುತ್ತಾಳೆಂದೂ ಕಾದೆ.

"ಹಂಗಾರ ಅಪ್ಪ ಎಣಿಸಿದ್ದು ಸರೀನ ಇತ್ತು" ಎಂದಳು. "ಪಾಪ, ಅವತ್ತಿನಿಂದ ಅಂವ ಒಂದು ಲೆಕ್ಕಾನೂ ತಾನ ಮಾಡ್ಲಿಲ್ಲ ನೋಡೋ ಅಣ್ಣಾ. ಯಾರ ಬರ್ಲಿ, 'ನಂದು ಹುಣಸಿಬೀಜದ ಲೆಕ್ಕ, ನಮ್ಮ ಹುಡುಗನ್ನ ಕೇಳ್ರಿ' ಅಂತಿದ್ದ."

ಹೌದು, ಅಂತಿದ್ದ. ಸಾಯುವವರೆಗೂ ಅಂತಿದ್ದ. ಗಿರಾಕಿಗಳ ಮುಂದೆ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಹಾಗೆನ್ನುವಾಗ ನನ್ನ ಎದೆ ಉಬ್ಬುತ್ತಿತ್ತು. ನನ್ನ ಬಾಳಿನ ಕೆಲವೇ ಸಿಹಿ ನೆನಪುಗಳಲ್ಲಿ ಅದೊಂದು. ಅಪ್ಪನಿಗೆ ನನ್ನ ಮೇಲಿದ್ದ ಅಭಿಮಾನವೆಂದು ಇಷ್ಟು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಭಾಗಿ ಸಾಣಿಗೆ ಬದಿಗಿಟ್ಟಳು. "ರೊಟ್ಟಿ ಬಡೀತೇನಿ, ಉಂಡು ಹೋಗು" ಎಂದು ಒಳಗೆ ಹೋದಳು. ತಂಗಿಯ ಕ್ಷಮೆ ಕೇಳಲೆಂದು ಬಂದಿದ್ದೆ. ಅವಳು ಬಡಿಯುವ ಸದ್ದು ಕೇಳುತ್ತ, ಅಪ್ಪನನ್ನು ಎಲ್ಲಿ ಹೋಗಿ ಹುಡುಕಲಿ ಎಂದು ತಿಳಿಯದೆ, ಅಲ್ಲೇ ಕುಳಿತಿದ್ದೆ.