ತುಂಬೆ ಕಿತ್ತ ಜಾಗ

ನನ್ನ ತಮ್ಮ ಕೆನಡಾದಲ್ಲಿ ಗಿಡಗಳ ಪ್ರೊಫೆಸರು. ಹಳ್ಳಿಮೈಸೂರಿನ ಬದುಗಳ ಮೇಲೆ ನನ್ನ ಜೊತೆ ಸೊಪ್ಪು ಕೊಯ್ಯುತ್ತಿದ್ದವನು ಹಾಸನದಲ್ಲಿ ಓದಿ, ಮೈಸೂರಿನಲ್ಲಿ ಓದಿ, ಆಮೇಲೆ ಸಮುದ್ರ ದಾಟಿದ. ಗಿಡಗಳ ಮೇಲೆ ಪುಸ್ತಕಗಳನ್ನೂ ಬರೆದಿದ್ದಾನಂತೆ. ಬರೆಯಲಿ. ನನ್ನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿದರು, ಅವನ ಇಂಗ್ಲಿಷು ನನಗೆ ಬೇಕಿಲ್ಲ.

ಅವ್ವ ಸತ್ತಾಗ ಅವನು ಶಿಷ್ಯರನ್ನು ಕಟ್ಟಿಕೊಂಡು ಯಾವುದೋ ಕಾಡಿನಲ್ಲಿ ಗಿಡ ಹುಡುಕುತ್ತಿದ್ದ. ಫೋನು ಸಿಕ್ಕಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಮೊದಲ ಹಿಡಿ ಮಣ್ಣು ಮಗನದು. ಇದ್ದವನು ಒಬ್ಬನೇ ಮಗ. ಮರುದಿನ ಮಧ್ಯಾಹ್ನದವರೆಗೂ ಕಾದು, ಕೊನೆಗೆ ಚಿಕ್ಕಪ್ಪನ ಮಗನ ಕೈಲಿ ಹಾಕಿಸಿದೆವು. "ಮಗ ಎಲ್ಲವ್ವಾ?" ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟವಳು ನಾನು.

ಅವನು ಬಂದದ್ದು ಹೋದ ಕಾರ್ತಿಕದಲ್ಲಿ, ಸಮಾಧಿಯ ಮಣ್ಣೆಲ್ಲ ಕೂತು ಗಟ್ಟಿಯಾದಮೇಲೆ. ಹೊಲಕ್ಕೆ ಕರೆದುಕೊಂಡು ಹೋದೆ. ಸಮಾಧಿಯ ಮೇಲೆ ತುಂಬೆ ಬೆಳ್ಳಗೆ ಹೂ ಬಿಟ್ಟಿತ್ತು. ಶಿವನಿಗೆ ಪ್ರೀತಿಯ ಹೂವೆಂದು ನಾನೇ ಬೀಜ ಉದುರಿಸಿದ್ದೆ. ಕೈಮುಗಿಯುತ್ತಾನೆ ಅಂದುಕೊಂಡೆ. ಅವನು ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಭೂತಗನ್ನಡಿ ತೆಗೆದು ಹೂವನ್ನು ನೋಡಿದ. ನೋಡುನೋಡುತ್ತಲೇ ಒಂದು ಗಿಡವನ್ನು ಬುಡಕ್ಕೆ ಕೈಹಾಕಿ ಬೇರು ಸಮೇತ ಕಿತ್ತ.

"ಲೇ! ಏನ್ಲಾ ಮಾಡ್ದೆ?"

"ಒಣಗ್ಸಿ ಕಾಲೇಜಲ್ಲಿ ಇಡಕ್ಕೆ ಕಣಕ್ಕ. ಬೇರಿಲ್ದಿದ್ರೆ ಅದು ಲೆಕ್ಕಕ್ಕಿಲ್ಲ. ಅವ್ವನ ನೆನಪಿಗೂ ಆಯ್ತದೆ."

"ಅವ್ವನ ಎದೆ ಮ್ಯಾಲಿಂದ ಕಿತ್ಕೊಂಡು ಅವ್ವನ ನೆನಪಾ? ಮಣ್ಣು ಆಕಕ್ಕೆ ಬರ್ದೇ ಇದ್ದೋನು ಮಣ್ಣು ಕೆದಕಕ್ಕೆ ಬಂದ್ಯಾ?"

ಅವನು ಗಿಡವನ್ನು ಪೇಪರಿನಲ್ಲಿ ಸುತ್ತುತ್ತಲೇ, "ಆವತ್ತು ಫೋನು ಸಿಗ್ನಿಲ್ವಲ್ಲಕ್ಕ" ಅಂದ.

"ಆಮ್ಯಾಕೆ ಸಿಕ್ತಲ್ಲ. ಆಗ್ಲಾದ್ರೂ ಬಂದ್ಯಾ?"

"ಹುಡುಗ್ರಿಗೆ ಪರೀಕ್ಷೆ ಇತ್ತು."

"ಅವ್ವ ನಿನ್ನ ಪರೀಕ್ಷೆ ನೋಡ್ಕಂಡು ಸಾಯ್ಬೇಕಿತ್ತೇನೋ, ಪಾಪ."

ಗಿಡ ಕಿತ್ತ ಜಾಗದಲ್ಲಿ ಗುಂಡಿ ಬಾಯಿ ತೆರೆದಿತ್ತು. ತೋರಿಸಿದೆ.

"ಅದನ್ನ ಮುಚ್ಚು. ಬೂಟು ಬುಡು ಮೊದ್ಲು."

ಬೂಟು ಬಿಟ್ಟ, ಕಾಲುಚೀಲ ಬಿಚ್ಚಿದ. ಒಂದು ಹಿಡಿ ಮಣ್ಣು ಹಾಕಿದ. ಸಾಲಲಿಲ್ಲ. "ಇನ್ನೂ ಆಕು" ಅಂದೆ. ಹಾಕುತ್ತ ಹಾಕುತ್ತ ಅಳಲು ಶುರುಮಾಡಿದ.

"ಅಳು ಆಮ್ಯಾಕೆ. ಸರಿಯಾಗಿ ತಟ್ಟು, ಮಳೆ ಬಂದ್ರೆ ಕುಸಿತದೆ."

ವಾಪಸು ಬರುವಾಗ ಪೇಪರಿನಲ್ಲಿ ಸುತ್ತಿದ ತುಂಬೆ ಅವನ ಕಂಕುಳಲ್ಲೇ ಇತ್ತು. ಕಸಿದುಕೊಂಡು ಬೀದಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಎದುರುಮನೆಯವಳು ಜಗಲಿಯಿಂದಲೇ ಕೂಗಿದಳು:

"ಮಗ ಬಂದ್ನಾ?"

"ಬಂದ. ಮಣ್ಣು ಆಕ್ದ" ಅಂದೆ. "ಅವ್ವಂಗೇನು ಅರ್ಜೆಂಟಿತ್ತಾ?"