ಹದಿನೇಳನೇ ನಂಬರಿನ ಫೋನು

ಮೈಸೂರು ಬಿಟ್ಟು ಡೊಂಬಿವಲಿಗೆ ಬಂದು ಹತ್ತು ವರ್ಷ ಕಳೆದ ಮೇಲೆ ನಾನು ನವಿ ಮುಂಬಯಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫೋನು ಕಾಯುವ ಕೆಲಸಕ್ಕೆ ಸೇರಿದೆ. ಕಾಗದದಲ್ಲಿ ನನ್ನ ಹುದ್ದೆಯ ಹೆಸರು ‘ಮೊಬಿಲಿಟಿ ಸಪೋರ್ಟ್ ಲೀಡ್’. ಲೀಡ್ ಮಾಡಲು ನನ್ನ ಕೈಕೆಳಗೆ ಒಬ್ಬ ನರಪಿಳ್ಳೆಯೂ ಇರಲಿಲ್ಲ. ನಲವತ್ತು ಫೋನುಗಳಿದ್ದವು, ಅಷ್ಟೆ.

ಆ ಫೋನುಗಳು ಯಾರೊಬ್ಬರ ಸ್ವಂತದವೂ ಅಲ್ಲ. ಪ್ರತಿ ಮಹಡಿಯಲ್ಲಿ ಒಂದು ಚಾರ್ಜಿಂಗ್ ಕಪಾಟು. ಪಾಳಿಗೆ ಬಂದ ನರ್ಸು, ವಾರ್ಡಿನ ಕೆಲಸದವರು ಅದರಿಂದ ಕೈಗೆ ಸಿಕ್ಕಿದ ಫೋನು ತೆಗೆದುಕೊಂಡು, ತಮ್ಮ ನಂಬರು ಒತ್ತಿ ಲಾಗಿನ್ ಆಗಬೇಕು. ಪಾಳಿ ಮುಗಿದಾಗ ಲಾಗೌಟ್ ಆಗಿ, ಮುಂದಿನವರಿಗಾಗಿ ಮತ್ತೆ ಕಪಾಟಿನಲ್ಲಿಡಬೇಕು. ‘ಹನ್ನೆರಡನೇ ಬೆಡ್ಡಿನವರನ್ನು ಎಕ್ಸ್‌ರೇಗೆ ಒಯ್ಯಿರಿ’ ಎಂಬಂಥ ಕೆಲಸಗಳು ಅದರಲ್ಲಿ ಕೀ ಕೀ ಎಂದು ಬರುತ್ತಿದ್ದವು. ‘ಒಪ್ಪಿದೆ’ ಎಂದು ಒಮ್ಮೆ, ಕೆಲಸವಾದ ಮೇಲೆ ‘ಮುಗಿಯಿತು’ ಎಂದು ಇನ್ನೊಮ್ಮೆ ಒತ್ತಬೇಕು. ಒತ್ತುವ ತನಕ ಸದ್ದು ನಿಲ್ಲುವುದಿಲ್ಲ. ಇದಕ್ಕೆ ಮುಂಚೆ ಸಿಸ್ಟರು ಕಾರಿಡಾರಿಗೆ ಬಂದು ಒಂದು ಸಲ ದನಿ ಎತ್ತಿದರೆ ಇದೇ ಕೆಲಸ ಆಗಿಹೋಗುತ್ತಿತ್ತು. ಅದು ಹಿಂದುಳಿದ ಪದ್ಧತಿ ಎಂದು ತೀರ್ಮಾನವಾಗಿತ್ತು.

ತೀರ್ಮಾನ ಮಾಡಿದವನು ಆಪರೇಶನ್ಸ್ ಹೆಡ್. ಮೊದಲು ಎಲ್ಲೋ ಶ್ಯಾಂಪೂ ಕಂಪನಿಯಲ್ಲಿದ್ದನಂತೆ. ರೋಗಿಗಳ ನಡುವೆ ಓಡಾಡುವುದು ಅವನಿಗೆ ಆಗುತ್ತಿರಲಿಲ್ಲ. ಫಿನಾಯಿಲ್ ವಾಸನೆಗೆ ತಲೆನೋವು ಬರುತ್ತದೆ ಎನ್ನುತ್ತಿದ್ದ. ಆಸ್ಪತ್ರೆಯನ್ನು ಅವನು ನೋಡುತ್ತಿದ್ದದ್ದು ತನ್ನ ಕೋಣೆಯ ಗೋಡೆಗೆ ಹಾಕಿಸಿದ್ದ ದೊಡ್ಡ ಟೀವಿಯಲ್ಲಿ. ಅದರಲ್ಲಿ ಹಸಿರು ಪಟ್ಟಿಗಳು ಏಳುತ್ತ ಬೀಳುತ್ತ ಇರುತ್ತಿದ್ದವು. ಪಟ್ಟಿ ಎದ್ದರೆ ಆಸ್ಪತ್ರೆ ಚೆನ್ನಾಗಿದೆ. ಬಿದ್ದರೆ ನನಗೆ ಕರೆ.

ನನ್ನ ದಿನ ಹೇಗಿತ್ತೆಂದರೆ, ‘ಫೋನು ಸತ್ತಿದೆ’ ಎಂದು ದೂರು ಬರುವುದು, ನಾನು ಮೆಟ್ಟಿಲು ಹತ್ತುವುದು. ಹೋಗಿ ನೋಡಿದರೆ ಯಾರೋ ಪರದೆಯ ಬೆಳಕು ಪೂರ್ತಿ ತಗ್ಗಿಸಿರುತ್ತಿದ್ದರು. ಸ್ಯಾನಿಟೈಜರ್ ಹಚ್ಚಿದ ಒದ್ದೆ ಬೆರಳು ಗಾಜಿಗೆ ತಾಗದು. ಒಬ್ಬಳು ತನ್ನದೇ ಗುಟ್ಟಿನ ಗೆರೆ ಎಳೆದು ಫೋನಿಗೆ ಬೀಗ ಹಾಕಿ, ರಜೆಯ ಮೇಲೆ ಕಲ್ಯಾಣ್ ಊರಿಗೆ ಹೋಗಿಬಿಟ್ಟಿದ್ದಳು. ಇನ್ನೊಂದರ ಸದ್ದೇ ಕೇಳುತ್ತಿಲ್ಲ ಎಂದು ನಾನು ಅರ್ಧ ದಿನ ಸಾಫ್ಟ್‌ವೇರು ಜಾಲಾಡಿದೆ. ಕೊನೆಗೆ ನೋಡಿದರೆ ಸ್ಪೀಕರಿನ ತೂತಿಗೆ ಬ್ಯಾಂಡೇಜಿನ ಟೇಪು. ಪಾಪ, ಒಂದು ಮುದುಕಿಗೆ ನಿದ್ದೆ ಬರುತ್ತಿರಲಿಲ್ಲ, ಅದಕ್ಕೇ ಅಂಟಿಸಿದೆ ಎಂದಳು ಅಲ್ಲಿದ್ದ ನರ್ಸು. ಸಂಜೆ ಠಾಣೆ ಸ್ಟೇಶನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ಡೊಂಬಿವಲಿಗೆ ನಿಂತೇ ಹೋಗುವಾಗ ನಾನು ಇದನ್ನೆಲ್ಲ ಪರಿಚಯದವರಿಗೆ ಹೇಳಿ ನಗಿಸುತ್ತಿದ್ದೆ. ಇಂಥ ದಡ್ಡರ ಕೈಗೆ ಯಂತ್ರ ಕೊಟ್ಟರೆ ಇನ್ನೇನಾಗುತ್ತದೆ ಎಂಬುದು ನನ್ನ ಕತೆಗಳ ಧಾಟಿ. ಟೇಪು ಅಂಟಿಸಿದವಳು ಅಲ್ಲಿ ಒಬ್ಬ ರೋಗಿಯ ಆರೈಕೆ ಮಾಡಿದ್ದಳು, ನಾನು ಏನೂ ಮಾಡಿರಲಿಲ್ಲ ಎಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಮೊದಲಿಗೆ ಆ ಫೋನುಗಳಲ್ಲಿ ಒಂದು ಒಳ್ಳೆಯ ಗುಣವಿತ್ತು. ಕಪಾಟಿನಲ್ಲಿಟ್ಟು ಹತ್ತು ನಿಮಿಷವಾದರೆ ಹಿಂದಿನವರ ಹೆಸರನ್ನು ತಾವಾಗಿ ಕೈಬಿಡುತ್ತಿದ್ದವು. ಇದರಿಂದ ಪಾಳಿ ಬದಲಾಗುವಾಗ, ಹೆಸರಿಲ್ಲದ ಫೋನು ಲೆಕ್ಕಕ್ಕೆ ಬಾರದೆ, ಹಸಿರು ಪಟ್ಟಿ ಸ್ವಲ್ಪ ಹೊತ್ತು ಕುಸಿಯುತ್ತಿತ್ತು. ಹೆಡ್ಡಿಗೆ ಅದನ್ನು ಸಹಿಸಲಾಗಲಿಲ್ಲ. ಆ ಸೌಲಭ್ಯವನ್ನು ತೆಗೆದುಹಾಕು ಎಂದ. ಹಾಗಾದರೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೆಲಸ ಮಾಡುವ ಹಾಗಾಗುತ್ತದೆ ಎಂದು ನಾನು ಒಂದೇ ಒಂದು ಸಲ ಅಂದೆ. ಲಾಗೌಟ್ ಮಾಡಿ ಅಂತ ಅವರಿಗೆ ಕಲಿಸಿದರಾಯಿತು, ಅದು ಟ್ರೇನಿಂಗಿನ ವಿಷಯ ಅಂದ. ಟ್ರೇನಿಂಗ್ ಆಯಿತು ಕೂಡ: ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಚಿತ್ರಪ್ರದರ್ಶನ, ಆಮೇಲೆ ಸಮೋಸ. ಲಾಗೌಟ್ ಗುಂಡಿ ಇದ್ದದ್ದು ಮೂಲೆಯ ಮೂರು ಚುಕ್ಕೆಗಳ ಒಳಗೆ, ಅದರೊಳಗಿನ ಇನ್ನೊಂದು ಪುಟದ ತಳದಲ್ಲಿ, ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ. ನಾನು ನನ್ನ ಕುರ್ಚಿಯಲ್ಲಿ ಕೂತು ಒಂದು ಟಿಕ್ ಗುರುತು ಅಳಿಸಿದೆ. ಅರ್ಧ ನಿಮಿಷದ ಕೆಲಸ.

ಮೂರನೇ ಮಹಡಿಯಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ವಾರ್ಡಿನ ಎಲ್ಲ ಕೆಲಸದ ಹೆಂಗಸರನ್ನು ಕರೆಯುವ ಹಾಗೆ ಅವಳನ್ನೂ ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ದೂರದ ಟಿಟ್ವಾಳಾದಿಂದ ಬರುತ್ತಿದ್ದಳು, ಬೆಳಿಗ್ಗೆ ಏಳರ ಪಾಳಿಗೆ ಎಷ್ಟು ಗಂಟೆಗೆ ಮನೆ ಬಿಡುತ್ತಿದ್ದಳೋ ನಾನು ಕೇಳಿದವನಲ್ಲ. ಮರಾಠಿ ಪೇಪರು ಓದುತ್ತಿದ್ದಳು, ಇಂಗ್ಲಿಷ್ ಬಾರದು. ಸ್ಟ್ರೆಚರನ್ನು ಲಿಫ್ಟಿನ ಹೊಸ್ತಿಲು ದಾಟಿಸುವಾಗ ಒಳಗೆ ಮಲಗಿದವರಿಗೆ ಕುಲುಕು ತಟ್ಟದ ಹಾಗೆ ನೂಕುವುದು ಅವಳೊಬ್ಬಳಿಗೇ ಗೊತ್ತಿತ್ತು.

ಒಂದು ಮಧ್ಯಾಹ್ನ, ಸೊಂಟ ಮುರಿದ ಒಬ್ಬ ಮುದುಕರನ್ನು ಎಕ್ಸ್‌ರೇ ಆದ ಮೇಲೆ ಯಾರೂ ವಾಪಸು ಕರೆದೊಯ್ಯಲಿಲ್ಲ. ಎರಡು ಗಂಟೆ ಹೊತ್ತು ಅವರು ಎಸಿ ಕಾರಿಡಾರಿನಲ್ಲಿ ಸ್ಟ್ರೆಚರಿನ ಮೇಲೆ ಬಿದ್ದುಕೊಂಡಿದ್ದರು. ಮಗಳು ಹುಡುಕಿಕೊಂಡು ಬಂದಾಗ ಹೊದಿಕೆ ನೆಲದಲ್ಲಿತ್ತು, ಬಟ್ಟೆ ಒದ್ದೆಯಾಗಿತ್ತು, ಅವರು ನಡುಗುತ್ತಿದ್ದರು. ಮಗಳು ಸುಮ್ಮನಿರಲಿಲ್ಲ, ಇರಲೂ ಬಾರದಿತ್ತು. ದಾಖಲೆ ತೆಗೆದಾಗ ಹೀಗಿತ್ತು: ಹದಿನೇಳನೇ ನಂಬರಿನ ಫೋನು, ಮೂರು ಇಪ್ಪತ್ತಕ್ಕೆ ‘ಒಪ್ಪಿದೆ’, ಮೂರು ಇಪ್ಪತ್ತೆರಡಕ್ಕೆ ‘ಮುಗಿಯಿತು’. ಹೆಸರು ಮಾವ್ಶಿಯದು.

ಮರುದಿನ ಬೆಳಿಗ್ಗೆ ಅವಳನ್ನು ಗೇಟಿನಿಂದಲೇ ವಾಪಸು ಕಳಿಸಿದರು.

ಮುಖ್ಯ ದ್ವಾರದ ಹೆಬ್ಬೆಟ್ಟಿನ ಯಂತ್ರದಲ್ಲಿ ಅವಳು ಮೂರು ಗಂಟೆ ನಾಲ್ಕು ನಿಮಿಷಕ್ಕೆ ಹೊರಗೆ ಹೋದದ್ದು ದಾಖಲಾಗಿತ್ತು. ಮೂರು ಇಪ್ಪತ್ತಕ್ಕೆ ಅವಳು ಪ್ಲಾಟ್‌ಫಾರ್ಮಿನಲ್ಲಿ ಠಾಣೆ ಗಾಡಿಗೆ ಕಾಯುತ್ತಿದ್ದಿರಬೇಕು. ಎರಡನೇ ಪಾಳಿಯ ಯಾರೋ ಅವಳ ಹೆಸರಿದ್ದ ಫೋನು ಎತ್ತಿಕೊಂಡು, ಬಡಿದುಕೊಳ್ಳುವ ಸದ್ದು ನಿಲ್ಲಿಸಲು ಎರಡು ಸಲ ಒತ್ತಿ ಜೇಬಿಗಿಳಿಸಿದ್ದರು. ಯಾರೆಂದು ಕೊನೆಗೂ ತಿಳಿಯಲಿಲ್ಲ. ನಾನು ಎರಡೂ ಕಾಗದ ಹಿಡಿದು ಹೆಡ್ಡಿನ ಕೋಣೆಗೆ ಹೋದೆ. ಅವನು ಹೆಬ್ಬೆಟ್ಟಿನ ಕಾಗದವನ್ನು ಮುಟ್ಟಲೂ ಇಲ್ಲ.

“ಅದು ಬೇರೆ ವೆಂಡರಿನ ಮಶೀನು. ನಮ್ಮ ಸಿಸ್ಟಮ್ಮಿನಲ್ಲಿ ಏನಿದೆಯೋ ಅದೇ ಸತ್ಯ,” ಅಂದ.

ವರದಿಯಲ್ಲಿ ಒಂದೇ ಸಾಲು ಸಾಕು, ‘ಯೂಸರ್ ಎರರ್’ ಎಂದು ಬರೆ ಅಂದ. ನಾನು ಬರೆದೆ. ಈ ಮನುಷ್ಯನ ಬಗ್ಗೆ ಇಷ್ಟೆಲ್ಲ ಹಗುರವಾಗಿ ಬರೆಯುತ್ತಿರುವ ನಾನು, ಅವತ್ತು ಅವನೆದುರು ಪೆನ್ನು ಕೇಳಿ ಪಡೆದು ಸಹಿ ಹಾಕಿದೆ. ಅವನಾದರೂ ತಾನು ಹೇಳಿದ್ದನ್ನು ನಂಬಿದ್ದ. ನಾನು ನಂಬದೆಯೇ ಬರೆದೆ.

ಮೂರನೇ ಮಹಡಿಯ ಹೆಡ್ ಸಿಸ್ಟರು ಉಡುಪಿ ಕಡೆಯವರು. ಅಕ್ಕನೊಡನೆ ಫೋನಿನಲ್ಲಿ ತುಳು, ವಾರ್ಡಿನಲ್ಲಿ ಮರಾಠಿ, ನನ್ನೊಡನೆ ಕನ್ನಡ. ಅದುವರೆಗೆ ನಮ್ಮ ಕನ್ನಡವೆಲ್ಲ ಸೀವುಡ್ಸಿನ ಅವರ ಮನೆಯ ಹತ್ತಿರ ಒಳ್ಳೆಯ ನೀರುದೋಸೆ ಎಲ್ಲಿ ಸಿಗುತ್ತದೆ ಎಂಬಷ್ಟಕ್ಕೇ ಇತ್ತು. ಅಂದು ಅವರು ನೆಲಮಾಳಿಗೆಯ ನನ್ನ ಕೋಣೆಗೆ ಬಂದರು. ಕೂರಲಿಲ್ಲ. ವರದಿಯ ಪ್ರತಿ ಮೇಜಿನ ಮೇಲಿಟ್ಟರು.

“ಇದು ನೀವು ಬರೆದದ್ದಾ?”

ಹೌದೆಂದೆ.

“ಅವಳು ಮೂರು ಗಂಟೆಗೇ ಹೋದದ್ದು ನಿಮಗೆ ಗೊತ್ತುಂಟಾ?”

ಗೊತ್ತು ಎಂದೆ. ಅವರು ನನ್ನ ಹಿಂದೆ, ರಿಪೇರಿಗೆ ಬಂದು ಸಾಲಾಗಿ ಮಿನುಗುತ್ತಿದ್ದ ಫೋನುಗಳತ್ತ ಕೈ ತೋರಿಸಿದರು.

“ಹಾಗಾದರೆ ನೀವು ಎಂತಕ್ಕೆ ಓದಿದ್ದು ಮಾರಾಯ್ರೆ?”

ಅದು ಬೈಗುಳವಲ್ಲ. ಅವರು ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. ಆಮೇಲೆ, ಗುರುವಾರ ಮಾವ್ಶಿಯ ವಿಚಾರಣೆ ಇಟ್ಟಿದ್ದಾರೆ, ಅದಕ್ಕೆ ಹದಿನೇಳನೇ ನಂಬರಿನ ಫೋನು ತನ್ನಿ, ನಾನು ಲಾಗಿನ್ ಮಾಡುತ್ತೇನೆ, ಯಾರಾದರೂ ಕೇಳುವ ತನಕ ನೀವು ಬಾಯಿ ಬಿಡಬೇಡಿ ಎಂದು ಹೇಳಿ ಹೋದರು. ಬಾಯಿ ಬಿಡದಿರುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು.

ಗುರುವಾರ ಕೋಣೆಯಲ್ಲಿ ಹೆಡ್, ಎಚ್ಆರ್‌ನ ಒಬ್ಬಳು, ಆಸ್ಪತ್ರೆಯ ಸುಪರಿಂಟೆಂಡೆಂಟರಾದ ಹಿರಿಯ ಡಾಕ್ಟರು ಕೂತಿದ್ದರು. ಮಾವ್ಶಿ ಗಂಜಿ ಹಾಕಿದ ಸೀರೆಯುಟ್ಟು ಬಾಗಿಲ ಪಕ್ಕ ನಿಂತಿದ್ದಳು. ಕುರ್ಚಿ ಖಾಲಿಯಿದ್ದರೂ ಯಾರೂ ಕೂರು ಅನ್ನಲಿಲ್ಲ. ಹೆಡ್ ದಾಖಲೆ ಓದಿ, ಲಾಗೌಟ್ ಮಾಡುವುದು ಮೂಲಭೂತ ಶಿಸ್ತು, ಮಗುವಿಗೂ ಬರುತ್ತದೆ ಎಂದ. ಆಗ ಸಿಸ್ಟರು ಫೋನನ್ನು ಅವನ ಮುಂದಿಟ್ಟು, ಇದರಲ್ಲಿ ನನ್ನ ಹೆಸರಿದೆ, ದಯವಿಟ್ಟು ಒಮ್ಮೆ ಲಾಗೌಟ್ ಮಾಡಿ ತೋರಿಸಿ ಎಂದು ಹಿಂದಿಯಲ್ಲಿ ವಿನಯವಾಗಿ ಕೇಳಿದರು.

ಅವನು ನಕ್ಕು ಫೋನು ಎತ್ತಿಕೊಂಡ. ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ಸೆಟ್ಟಿಂಗ್ ತೆರೆದು ಮುಚ್ಚಿದ. ಕನ್ನಡಕ ಹಣೆಗೇರಿಸಿದ. ಪರದೆ ಆರಿಹೋಯಿತು, ಮತ್ತೆ ಹೊತ್ತಿಸಿದ. ನನ್ನತ್ತ ನೋಡಿದ, ನಾನು ಮೇಜಿನ ಮೇಲಿನ ನೀರಿನ ಲೋಟ ನೋಡಿದೆ. ಅಷ್ಟರಲ್ಲಿ ಫೋನು ಕೀ ಕೀ ಎನ್ನತೊಡಗಿತು. ಮೇಲಿನ ವಾರ್ಡಿನಿಂದ ಕೆಲಸ ಬಂದಿತ್ತು. ಬರುವ ಹಾಗೆ ಸಿಸ್ಟರು ಹೇಳಿಬಂದಿದ್ದರೆಂದು ನನಗೆ ಆಗ ಹೊಳೆಯಿತು. ಅವನು ಕಿರಿಕಿರಿಯಿಂದ ‘ಒಪ್ಪಿದೆ’ ಒತ್ತಿದ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಕಿರುಚಿತು. ‘ಮುಗಿಯಿತು’ ಒತ್ತಿದ. ಸದ್ದು ನಿಂತಿತು.

ಸುಪರಿಂಟೆಂಡೆಂಟರು ಕೈ ಚಾಚಿ ಫೋನು ಪಡೆದು ಓದಿದರು. ಎಂಟನೇ ಬೆಡ್ಡಿನವರನ್ನು ಸ್ಕ್ಯಾನಿಗೆ ಒಯ್ಯಬೇಕಿತ್ತು. “ಇವರನ್ನು ಈಗ ಒಯ್ದವರು ಯಾರು?” ಎಂದು ಕೇಳಿದರು.

“ದಾಖಲೆ ಪ್ರಕಾರ ನಾನು, ಸರ್,” ಎಂದರು ಸಿಸ್ಟರು.

ತಾನಾಗಿ ಹೆಸರು ಬಿಡುವ ಏರ್ಪಾಡು ಇರಲಿಲ್ಲವೇ ಎಂದು ಡಾಕ್ಟರು ನನ್ನನ್ನು ಕೇಳಿದರು. ಇತ್ತು, ತೆಗೆದೆ ಎಂದೆ. ಯಾರ ಮಾತಿನ ಮೇಲೆ ಎಂದು ಕೇಳಿದಾಗ, ಹೆಡ್ಡಿನ ಹೆಸರು ಹೇಳಿ, ಆದರೆ ಒತ್ತಿದವನು ನಾನು, ಸುಳ್ಳು ವರದಿ ಬರೆದವನೂ ನಾನೇ ಎಂದೆ. ಹೆಡ್ ಏನೋ ಇಂಗ್ಲಿಷಿನಲ್ಲಿ ಹೇಳತೊಡಗಿದ. ಡಾಕ್ಟರು ಕೇಳಿಸಿಕೊಳ್ಳಲಿಲ್ಲ.

ಮಾವ್ಶಿಯನ್ನು ವಾಪಸು ತೆಗೆದುಕೊಂಡರು. ನಾನು ಅಳಿಸಿದ್ದ ಟಿಕ್ ಗುರುತನ್ನು ಮತ್ತೆ ಹಾಕಿದೆ. ಪತ್ರದಲ್ಲಿ ‘ಸಂಶಯದ ಲಾಭ ನೀಡಿ’ ಎಂದಿತ್ತು; ಯಾರಿಗೂ ಯಾವ ಸಂಶಯವೂ ಉಳಿದಿರಲಿಲ್ಲ. ಕ್ಷಮಿಸಿ ಎಂಬ ಪದವನ್ನು ಎಚ್ಆರ್ ಕಂಡರಿಯದು. ಮುದುಕರ ಮಗಳಿಗೆ ಹಿಂದೆಯೇ ‘ತಪ್ಪಿತಸ್ಥ ಸಿಬ್ಬಂದಿಯ ಮೇಲೆ ಕ್ರಮ ಕೈಗೊಳ್ಳಲಾಗಿದೆ’ ಎಂದು ಉತ್ತರ ಹೋಗಿತ್ತು. ಅದನ್ನು ತಿದ್ದಿ ಬರೆಯಿರಿ ಎಂದು ಕೇಳಿಕೊಂಡೆ. ಮುಗಿದ ದೂರನ್ನು ಮತ್ತೆ ತೆರೆಯಲು ಬರುವುದಿಲ್ಲ ಎಂದರು. ಹೆಡ್ ಕೆಲವೇ ತಿಂಗಳಲ್ಲಿ ದೊಡ್ಡ ಹೋಟೆಲೊಂದರ ಸಭೆಯಲ್ಲಿ, ತಾನಾಗಿ ಆಗುವ ಲಾಗೌಟನ್ನು ತನ್ನ ಹೊಸ ಆವಿಷ್ಕಾರವೆಂದು ವಿವರಿಸಿ ಒಂದು ಗಾಜಿನ ಫಲಕ ಪಡೆದು ಬಂದ. ಟೀವಿಯ ಪಕ್ಕ ಇಟ್ಟುಕೊಂಡ.

ಮಾವ್ಶಿ ಮಾತ್ರ ನನ್ನನ್ನು ಬಿಡಲಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ದಿನಾ ನೆಲಮಾಳಿಗೆಯಿಂದ ಮೂರನೇ ಮಹಡಿಗೆ ಹತ್ತಿಸಿ ಕರೆಸಿಕೊಳ್ಳುತ್ತಿದ್ದಳು. ಫೋನು ನನ್ನ ಕೈಗಿಟ್ಟು “ತುಮ್ಹೀಚ್ ಕರಾ,” ನೀವೇ ಮಾಡಿ, ಅನ್ನುತ್ತಿದ್ದಳು. ಈಗ ಅದು ತಾನಾಗಿಯೇ ಆಗುತ್ತದೆ ಮಾವ್ಶಿ ಎಂದೆ. ಮೊದಲೂ ನೀವೆಲ್ಲ ಹೀಗೇ ಏನೇನೋ ಹೇಳಿದಿರಿ ಎಂದಳು. ನಾನು ಒತ್ತುತ್ತಿದ್ದೆ, ಅವಳು ಬಾಗಿ ತನ್ನ ಹೆಸರು ಅಳಿಸಿಹೋದದ್ದನ್ನು ನೋಡಿ, ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು.

ಸುಮಾರು ಒಂದು ತಿಂಗಳು ಹೀಗೇ ನಡೆಯಿತು. ಒಂದು ದಿನ ಕರೆ ಬರಲಿಲ್ಲ. ನಾನೇ ಹತ್ತಿಹೋದೆ. ಅವಳು ಕಪಾಟಿನೆದುರು ನಿಂತು, ಮೂರು ಚುಕ್ಕೆ ಒತ್ತಿ, ಪುಟ ಸರಿಸಿ, ತಳಕ್ಕೆ ಹೋಗಿ, ಸಾಸಿವೆಯಷ್ಟಿದ್ದ ಆ ಅಕ್ಷರಗಳನ್ನು ಒತ್ತುತ್ತಿದ್ದಳು. ಪಕ್ಕದಲ್ಲಿ ಹೊಸದಾಗಿ ಸೇರಿದ ಇಬ್ಬರು ಹೆಂಗಸರಿದ್ದರು. ಅವರಿಗೆ ಮರಾಠಿಯಲ್ಲಿ ನಿಧಾನವಾಗಿ ತೋರಿಸಿಕೊಡುತ್ತಿದ್ದಳು. ನಾನು ಬಂದು ನಿಂತದ್ದು ಅವಳಿಗೆ ಕಂಡಿತು. ಈ ಸಾಹೇಬರಿಗೆ ದಾರಿ ಬಿಡಿ, ವಾಪಸು ಹೋಗಲಿ, ಅವರಿಗೆ ಇನ್ನು ಇಲ್ಲಿ ಕೆಲಸವೇನೂ ಇಲ್ಲ ಎಂದು ಆ ಇಬ್ಬರಿಗೆ ಹೇಳಿದಳು.