ಕತ್ತಲೆಯ ಫೋಟೋದಲ್ಲಿ ಕಂಡ ಬಂಡೆ

ನನ್ನ ಮಗನನ್ನು ಫೋಟೋ ಬದುಕಿಸಿತು ಅಂತ ಕೇರಿಯವರೆಲ್ಲ ಹೇಳುತ್ತಾರೆ. ಸುಳ್ಳು. ಬದುಕಿಸಿದ್ದು ಪಕ್ಕದ ಮನೆಯ ಜಟ್ಟಿ. ಮಗ ಎಲ್ಲಿದ್ದಾನೆ ಅಂತ ತೋರಿಸಿದ್ದಷ್ಟೇ ಫೋಟೋ.

ಅವತ್ತು ಕತ್ತಲಾಗುವ ಹೊತ್ತಿಗೆ ನಮ್ಮ ದಂಡೆಗೆ ಸಮುದ್ರದ ಫೋಟೋ ತೆಗೆಯಲು ಒಬ್ಬಳು ಹುಡುಗಿ ಬಂದಳು. ಕ್ಯಾಮರಾಕ್ಕೆ ಮೂರು ಕಾಲಿನ ಸ್ಟ್ಯಾಂಡ್ ಊರಿ, "ಅಜ್ಜಿ, ನಿಮ್ಮ ಜಗಲಿ ಲೈಟ್ ಸ್ವಲ್ಪ ಆರಿಸ್ತೀರಾ? ಫೋಟೋಕ್ಕೆ ಅಡ್ಡ ಬರ್ತದೆ" ಅಂದಳು.

"ಮೀನಿಗೆ ಹೋದ ಮಗ ಇನ್ನೂ ಬರ್ಲಿಲ್ಲ, ಫೋನೂ ಹತ್ತೂದಿಲ್ಲ. ಅವ ಬರೂವರೆಗೆ ಆರಿಸೂದಿಲ್ಲ. ಬೇಕಾದ್ರೆ ನಿನ್ನ ಕ್ಯಾಮರಾ ಆಚೆ ತಿರುಗ್ಸು" ಅಂದೆ. ಮುಖ ಊದಿಸಿಕೊಂಡು ತಿರುಗಿಸಿದಳು.

ಕ್ಯಾಮರಾದ ಕಣ್ಣನ್ನು ಅರ್ಧ ನಿಮಿಷ ತೆರೆದೇ ಬಿಟ್ಟು ತೆಗೆದ ಚಿತ್ರವನ್ನು ನನಗೂ ತೋರಿಸಿದಳು. ನಮ್ಮ ಕಣ್ಣಿಗೆ ಬರೀ ಕತ್ತಲೆ ಇದ್ದಲ್ಲಿ ಅದರೊಳಗೆ ನೀರು ಬೆಳ್ಳಗೆ ಕಾಣುತ್ತಿತ್ತು, ನಡುವೆ ಒಂದು ಕಪ್ಪು ಮಚ್ಚೆ.

"ಈ ಬಂಡೆ ಚಂದ ಬಂತಲ್ಲ ಅಜ್ಜಿ?"

"ಅಲ್ಲಿ ಬಂಡೆ ಇಲ್ಲ. ಅದು ದೋಣಿ."

ಉಣ್ಣುತ್ತಿದ್ದ ಜಟ್ಟಿಯನ್ನು ಎಬ್ಬಿಸಿ ಅವನ ಮಶಿನ್ ದೋಣಿಯನ್ನು ನೀರಿಗೆ ಇಳಿಸುವಂತೆ ಮಾಡಿದೆ. ಅಲ್ಲಿ ಮಗನ ಮಶಿನ್ ಕೆಟ್ಟು ನಿಂತು, ದೋಣಿಯೊಳಗೆ ನೀರು ತುಂಬುತ್ತಿತ್ತಂತೆ. ಜಟ್ಟಿ ಅವನನ್ನೂ ದೋಣಿಯನ್ನೂ ದಡಕ್ಕೆ ಎಳೆದು ತಂದ. "ದಡದ ಹತ್ತಿರ ಎಂತಕ್ಕೆ ಲೈಟು" ಅಂತ ದೀಪವಿಲ್ಲದೆ ಹೋಗುವವ ನನ್ನ ಮಗ.

ಮರುದಿನ ಮೊದಲ ಬಸ್ಸಿಗೆ ಕುಮಟಾಕ್ಕೆ ಹೋಗಿ ದೋಣಿಗೆ ದೀಪ ತಂದೆ. ಮಗ ಎದ್ದು ಬರುವುದರೊಳಗೆ ನಾನೇ ಬಿಗಿದು ಕಟ್ಟಿಯೂ ಆಗಿತ್ತು.